ಕಪ್ಪು ಬಟ್ಟೆಯ ಮೇಲಿನ ಭಂಡಾರ

ಇದನ್ನು ಬರೆಯಲು ಕೂತು, ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿ ಎದ್ದುಹೋದದ್ದು ಎಷ್ಟು ಸಲವೋ. ಒಮ್ಮೆ ಕಣ್ಣು ಮಂಜಾಗಿದೆ ಎಂದುಕೊಂಡೆ, ಒಮ್ಮೆ ಮಳೆಗಾಲ ಮುಗಿಯಲಿ ಎಂದುಕೊಂಡೆ. ಸೊಸೆಯ ಅಂಗಡಿಯ ಗಡಿಬಿಡಿ ತಗ್ಗಲಿ, ಆಮೇಲೆ ನೋಡೋಣ ಎಂದೂ ಅಂದುಕೊಂಡೆ. ಎಲ್ಲವೂ ನೆಪ. ನಿಜ ಏನೆಂದರೆ, ನನ್ನ ತಂಗಿ ಡೊಳ್ಳು ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ಅವಳ ಕೈಯಿಂದ ಕೋಲು ಬಿಡಿಸಿದವನು ನಾನು. ಅದನ್ನು ಹೇಳಲು ಬಾಯಿ ಬಾರದೆ ಇಷ್ಟು ದಿನ ತಳ್ಳುತ್ತಾ ಬಂದೆ.

ಆದರೆ ತಪ್ಪಿನಿಂದಲೇ ಶುರು ಮಾಡಿದರೆ ನಿಮಗೆ ಅರ್ಧ ಮಾತ್ರ ತಿಳಿಯುತ್ತದೆ. ಮೊದಲು ನಾನು ಕಂಡ ಸೋಜಿಗವನ್ನು ಹೇಳಬೇಕು. ಆ ಸೋಜಿಗಕ್ಕೆ ನಾನು ಮರುಳಾಗದಿದ್ದರೆ ತಪ್ಪಿಗೆ ದಾರಿಯೇ ಇರಲಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಕಂಬಳಿ ನೇಯುತ್ತಿದ್ದ. ನನಗೆ ಮಗ್ಗ ಹಿಡಿಸಲಿಲ್ಲ, ಅಕ್ಷರ ಬರೆಯುವ ಹುಚ್ಚು ಹಿಡಿಯಿತು. ಶಿಕಾರಿಪುರಕ್ಕೆ ಬಂದು ಬೋರ್ಡು ಬರೆಯುವವರ ಕೈಕೆಳಗೆ ಕಲಿತೆ, ಬಟ್ಟೆ ಬ್ಯಾನರು ಬರೆದೆ, ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಮಳಿಗೆ ಹಿಡಿದು ಸ್ಕ್ರೀನ್ ಪ್ರಿಂಟಿಂಗ್ ಮಾಡಿದೆ. ಜವಳಿ ಅಂಗಡಿಯ ಚೀಲ, ಶಾಲೆಯ ಆಟದ ಬನಿಯನ್, ಗಣಪತಿ ಕೂರಿಸುವ ಹುಡುಗರ ಟೀ ಶರ್ಟು, ಹೀಗೆ. ಕೈ ಒಳ್ಳೆಯದಿದೆ ಎಂದು ಜನ ಹೇಳುತ್ತಿದ್ದರು. ಆ ಮಾತನ್ನು ನಾನೂ ನಂಬಿದ್ದೆ.

ಆ ಕಸುಬಿನಲ್ಲಿ ನನಗೆ ಸೋಲು ಅಂತ ಇದ್ದದ್ದು ಒಂದೇ: ಕಪ್ಪು ಬಟ್ಟೆ. ಬಿಳಿ ಬಟ್ಟೆಯ ಮೇಲೆ ಯಾವ ಬಣ್ಣವನ್ನಾದರೂ ಕೂರಿಸಬಹುದು. ಕಪ್ಪು ಬಟ್ಟೆ ಹಾಗಲ್ಲ, ಅದು ಬಣ್ಣವನ್ನು ನುಂಗುತ್ತದೆ. ಕೆಂಪು ಹಾಕಿದರೆ ಕಾಫಿ ಚೆಲ್ಲಿದ ಕಲೆಯಂತೆ ಕಾಣುತ್ತದೆ. ಹಳದಿ ಹಾಕಿದರೆ ಪಾಚಿಯ ಹಾಗೆ ಹಸಿರಾಗುತ್ತದೆ. ಕೆಳಗೆ ದಪ್ಪನೆಯ ಬಿಳಿ ಬಣ್ಣ ಎಳೆದು, ಒಣಗಿಸಿ, ಅದರ ಮೇಲೆ ಬೇರೆ ಬಣ್ಣ ಎಳೆಯಬಹುದು. ಆದರೆ ಅದು ರೊಟ್ಟಿಯ ಹಾಗೆ ಬಿರುಸಾಗುತ್ತದೆ, ನಾಲ್ಕು ಸಲ ಒಗೆದರೆ ಬಿರುಕು ಬಿಡುತ್ತದೆ. ಮನುಷ್ಯರ ಮುಖ, ಹಕ್ಕಿಯ ರೆಕ್ಕೆ, ಸಂಜೆಯ ಆಕಾಶ, ಇಂಥದ್ದೆಲ್ಲ ಕಪ್ಪು ಬಟ್ಟೆಯ ಮೇಲೆ ಕನಸಿನ ಮಾತು. ಕಬಡ್ಡಿ ಹುಡುಗರು ಕಪ್ಪು ಬನಿಯನ್ ತಂದರೆ, "ಬಿಳಿ ಅಕ್ಷರ ಬೇಕಾದ್ರೆ ಹಾಕ್ಕೊಡ್ತೀನಿ. ಬಣ್ಣ ಬೇಕಂದ್ರೆ ಬಿಳಿ ಬನಿಯನ್ ತಗಂಬರ್ರಿ" ಎಂದು ವಾಪಸು ಕಳಿಸುತ್ತಿದ್ದೆ. ಕಪ್ಪಿನ ಮೇಲೆ ಬಣ್ಣ ನಿಲ್ಲುವುದಿಲ್ಲ ಎನ್ನುವುದು ನನ್ನ ಪಾಲಿಗೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟು ಗಟ್ಟಿಯಾದ ಮಾತಾಗಿತ್ತು.

ಫ್ಲೆಕ್ಸ್ ಬಂದು ಬ್ಯಾನರು ಹೋಯಿತು, ವಯಸ್ಸಾಗಿ ಕೈ ನಡುಗತೊಡಗಿತು, ಮಳಿಗೆಯ ಶಟರು ಅರ್ಧ ಎಳೆದೇ ಇರುತ್ತಿತ್ತು. ಮಗನಿಗೆ ಸೊಸೈಟಿಯಲ್ಲಿ ನೌಕರಿ. ಅವನನ್ನು ಮದುವೆಯಾಗಿ ಬಂದ ಹುಡುಗಿ ಆನವಟ್ಟಿಯವಳು, ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುವುದನ್ನು ಕಲಿತವಳು. ಬಂದ ಮೇಲೆ ಒಂದು ದಿನ ಮಳಿಗೆಯನ್ನು ತಿರುಗಿ ನೋಡಿ, "ಮಾವಾ, ಈ ಜಾಗ ನನಗೆ ಕೊಡ್ತೀರಾ?" ಎಂದು ಕೇಳಿದಳು. ನನ್ನ ಹಳೆಯ ಸ್ಕ್ರೀನ್ ಚೌಕಟ್ಟುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಗೋಡೆಗೆ ಸುಣ್ಣ ಹೊಡೆಸಿ, ಉದ್ದನೆಯ ಪ್ರಿಂಟರು, ಬಿಸಿ ಮಾಡುವ ಒಂದು ಪೆಟ್ಟಿಗೆ, ಮತ್ತೆ ಹೀಟ್ ಪ್ರೆಸ್ ತಂದಳು. ಹೀಟ್ ಪ್ರೆಸ್ ಎಂದರೆ ದೊಡ್ಡ ಇಸ್ತ್ರಿಪೆಟ್ಟಿಗೆಗೆ ಬಾಗಿಲು ಇಟ್ಟಂತೆ. ಬಟ್ಟೆ ಒಳಗಿಟ್ಟು ಹಿಡಿಕೆ ಒತ್ತಿದರೆ ಬಾಯಿ ಮುಚ್ಚುತ್ತದೆ.

ಮೊದಲ ದಿನ ಅವಳು ಕಪ್ಪು ಟೀ ಶರ್ಟು ಎತ್ತಿಕೊಂಡದ್ದನ್ನು ನೋಡಿ ನನಗೆ ನಗು ಬಂತು. ಅವಳು ಹಾಕಲು ಹೊರಟಿದ್ದದ್ದು ಮಿಂಚುಳ್ಳಿಯ ಫೋಟೋ. ಆ ಹಕ್ಕಿಯ ಬೆನ್ನಿನ ನೀಲಿಯನ್ನು ಬಿಳಿ ಬಟ್ಟೆಯ ಮೇಲೆ ತರಲೂ ನನಗೆ ಎಂದೂ ಆಗಿರಲಿಲ್ಲ.

ಪ್ರಿಂಟರು ಬಟ್ಟೆಯನ್ನು ಮುಟ್ಟಲೇ ಇಲ್ಲ. ಒಂದು ತೆಳುವಾದ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬಣ್ಣ ಸುರಿಯುತ್ತಾ ಹೋಯಿತು. ಬಣ್ಣದ ಬೆನ್ನಿಗೇ ಬಿಳಿ. ಹಕ್ಕಿಯನ್ನು ಪೂರ್ತಿ ಬಿಳಿ ಮುಚ್ಚಿಬಿಟ್ಟಿತು.

"ಏ, ತಿರುವುಮುರುವು ಮಾಡಿದ್ಯಲ್ಲವ್ವ. ಬಿಳಿ ಕೆಳಗೆ ಬರಬೇಕು, ಬಣ್ಣ ಮೇಲೆ" ಎಂದೆ.

"ಸ್ವಲ್ಪ ತಡೀರಿ ಮಾವಾ. ಮದ್ಲೇ ಎದ್ದು ಹೋದ್ರೆ ಸಿನಿಮಾ ಅರ್ಥ ಆಗಲ್ಲ" ಎಂದಳು.

ಹಸಿ ಬಣ್ಣದ ಮೇಲೆ ಸಣ್ಣ ರವೆಯಂಥ ಬಿಳಿ ಪುಡಿ ಉದುರಿಸಿದಳು. ಅದು ಅಂಟಿನ ಪುಡಿಯಂತೆ. ಬಣ್ಣವಿದ್ದಲ್ಲಿ ಮಾತ್ರ ಕೂತಿತು, ಮಿಕ್ಕದ್ದನ್ನು ಕೊಡವಿದಳು. ಬಿಸಿ ಪೆಟ್ಟಿಗೆಯಲ್ಲಿ ಇಟ್ಟು ತೆಗೆದಾಗ ಪುಡಿ ಕರಗಿ ಹೊಳೆಯುತ್ತಿತ್ತು. ಕಪ್ಪು ಟೀ ಶರ್ಟನ್ನು ಪ್ರೆಸ್ಸಿನಲ್ಲಿ ಹಾಸಿ, ಅದರ ತೇವ ಹೋಗುವ ಹಾಗೆ ಒಮ್ಮೆ ಬರಿದೇ ಒತ್ತಿದಳು. ಆಮೇಲೆ ಫಿಲ್ಮನ್ನು ಬೋರಲಾಗಿ ಇಟ್ಟು ಮತ್ತೆ ಒತ್ತಿದಳು. ಬೋರಲಾಗಿಟ್ಟಾಗ ನನಗೆ ಹೊಳೆಯಿತು. ಮೇಲಿದ್ದ ಬಿಳಿ ಈಗ ಬಟ್ಟೆಗೆ ತಾಗಿ ಕೆಳಗಾಗಿತ್ತು. ನಾನು ಜನ್ಮವೆಲ್ಲ ಕೆಳಗಿನಿಂದ ಮೇಲಕ್ಕೆ ಕಟ್ಟಿದ್ದನ್ನು ಇವಳು ಮೇಲಿನಿಂದ ಕೆಳಕ್ಕೆ ಕಟ್ಟಿ ತಿರುಗಿಸಿಟ್ಟಿದ್ದಳು.

ಬಿಸಿ ಆರಿದ ಮೇಲೆ ಫಿಲ್ಮಿನ ಒಂದು ಮೂಲೆ ಹಿಡಿದು ಮೆಲ್ಲಗೆ ಸುಲಿದಳು. ಕಪ್ಪಿನೊಳಗಿಂದ ಮೊದಲು ಕೊಕ್ಕು ಬಂತು. ಆಮೇಲೆ ಕಣ್ಣು, ಕಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ. ಕತ್ತಿನ ಬಿಳಿ, ಎದೆಯ ಇಟ್ಟಿಗೆ ಬಣ್ಣ, ಕೊನೆಗೆ ಆ ನೀಲಿ. ಒಂದೊಂದು ಪುಕ್ಕವೂ ಬೇರೆ ಬೇರೆ ನೀಲಿ. ನನ್ನ ಮಾತು ನಿಂತುಹೋಯಿತು. ಕಪ್ಪು ನುಂಗಿರಲಿಲ್ಲ. ಕಪ್ಪಿನ ಮೇಲೆ ಕೂತ ಹಕ್ಕಿ ಬಿಳಿಯ ಮೇಲಿನದಕ್ಕಿಂತ ಹೆಚ್ಚು ಜೀವಂತವಾಗಿತ್ತು. ಅವಳು ಇನ್ನೊಂದು ಸಲ ಒತ್ತಿ ನನ್ನ ಕೈಗೆ ಕೊಟ್ಟಳು. ಹಿಡಿದು ಹಿಗ್ಗಿಸಿದೆ, ಮುದುರಿದೆ, ಉಗುರಿನಿಂದ ಕೆರೆದೆ. ಹಕ್ಕಿ ಕದಲಲಿಲ್ಲ. ಆ ದಿನ ಮನೆಗೆ ನಡೆದು ಹೋಗುವಾಗ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಅರ್ಧ ಜನಕ್ಕೆ ನಾನು ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

ಮರುದಿನದಿಂದ ನಾನು ಅಂಗಡಿಗೆ ಹೋಗಿ ಕೂರತೊಡಗಿದೆ. ಸೊಸೆ ಪ್ರೆಸ್ ಒತ್ತುವುದನ್ನು ಕಲಿಸಿದಳು. ಪ್ರತಿ ಸಲ ಫಿಲ್ಮ್ ಸುಲಿಯುವಾಗಲೂ ಎದೆಯೊಳಗೆ ಏನೋ ಜಿಗಿಯುತ್ತಿತ್ತು. ಈ ವಯಸ್ಸಿನಲ್ಲಿ ಹಾಗೆ ಜಿಗಿಯುವುದು ಕಡಿಮೆ.

ಈಗ ತಂಗಿಯ ವಿಷಯ. ಅವಳನ್ನು ಸೊರಬದ ಕಡೆ, ಕುಬಟೂರಿನ ಹತ್ತಿರದ ಹಳ್ಳಿಗೆ ಕೊಟ್ಟದ್ದು. ಗಂಡ ತೀರಿಕೊಂಡು ವರ್ಷಗಳಾದವು. ಕುರಿ, ಹೊಲ ಎಂದು ಒಬ್ಬಳೇ ನಿಭಾಯಿಸಿದಳು. ನಾವು ಚಿಕ್ಕವರಿದ್ದಾಗ ಹೆಂಗಸರು ಡೊಳ್ಳು ಮುಟ್ಟುವಂತಿರಲಿಲ್ಲ. ಬೀರೇದೇವರ ಪೂಜೆಯಲ್ಲಿ ಗಂಡಸರು ಬಡಿಯುತ್ತಿದ್ದರೆ ಇವಳು ಮನೆಯಲ್ಲಿ ಸುತ್ತಿಟ್ಟ ಕಂಬಳಿಯ ಮೇಲೆ ಎರಡು ಕಡ್ಡಿಯಿಂದ ಬಡಿಯುತ್ತಿದ್ದಳು. ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಅವರ ಊರಿನಲ್ಲಿ ಅಂಗನವಾಡಿ ಟೀಚರಾಗಿ ನಿವೃತ್ತಿಯಾದ ಒಬ್ಬ ಹೆಂಗಸು ಮಹಿಳೆಯರ ಡೊಳ್ಳು ತಂಡ ಕಟ್ಟಿದಾಗ ಮೊದಲು ಹೆಸರು ಕೊಟ್ಟವಳು ನನ್ನ ತಂಗಿ. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ಮುಂದಿನ ಡೊಳ್ಳು ಅವಳದ್ದು. ಮಿಕ್ಕವರು ಅವಳ ಕೋಲು ನೋಡಿ ಹೆಜ್ಜೆ ಬದಲಿಸುತ್ತಿದ್ದರು. "ಮಂಡಿ ನೋವು ಹ್ಯಾಂಗಿದೆ?" ಎಂದು ಕೇಳಿದರೆ, "ಡೊಳ್ಳು ಹೆಗಲಿಗೆ ಬಂದ್ರೆ ಮಂಡಿನೋವು ಮನೇಲೇ ಉಳ್ಕಣ್ತದೆ ಅಣ್ಣ" ಎನ್ನುತ್ತಿದ್ದಳು. ಅವಳಿಗೆ ಬೇರೆ ಹಬ್ಬವಿರಲಿಲ್ಲ.

ಬಳ್ಳಿಗಾವಿಯಲ್ಲಿ ಒಂದು ಕಾರ್ಯಕ್ರಮಕ್ಕೆ ತಂಡಕ್ಕೆ ಕರೆ ಬಂತು. ಎಲ್ಲರಿಗೂ ಒಂದೇ ಥರದ ಕಪ್ಪು ಅಂಗಿ, ಎದೆಯ ಮೇಲೆ ಬಣ್ಣದ ಚಿತ್ರ ಮಾಡಿಸಬೇಕು ಎಂದು ಟೀಚರಮ್ಮ ನಮ್ಮ ಅಂಗಡಿಗೆ ಬಂದರು. ಜೊತೆಗೆ ನನ್ನ ತಂಗಿಯೂ ಬಂದಿದ್ದಳು. ಗುಡವಿ ಕೆರೆ ಏರಿಯ ಮೇಲೆ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದರು. ಡೊಳ್ಳಿನ ಮುಖಕ್ಕೆ ಕೋಲು ಬಿದ್ದ ಗಳಿಗೆ ಅದು. ಅದರ ಮೇಲೆ ಎರಚಿದ್ದ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಹೊಗೆಯಂತೆ ಮೇಲಕ್ಕೆದ್ದಿದೆ. ಹಿಂದೆ ಸಂಜೆಗೆಂಪಿನ ನೀರು. ಸೊಸೆ ನೋಡಿದವಳೇ, "ಇದು ಕಪ್ಪಿನ ಮೇಲೆ ಬೆಂಕಿ ಹಾಗೆ ಬರುತ್ತೆ" ಎಂದಳು.

ತಂಗಿ ಮೂಗು ಮುರಿದಳು. "ಕಂಬ್ಳಿ ಕಪ್ಪು, ಡೊಳ್ಳಿನ ಪಟ್ಟಿ ಕಪ್ಪು, ನಾವೂ ಕಪ್ಪೇ. ನಡುವೆ ಇದೆಂಥ ಬಣ್ಣದ ಬಜಾರು?"

"ನೀನು ಸುಮ್ಮನಿರು ಅಕ್ಕ. ನಿನ್ನ ಮಾತು ಕೇಳಿದ್ರೆ ನಾವು ಇನ್ನೂ ಕಂಬಳಿ ಹೊದ್ಕಂಡು ಬೋಗುಣಿ ಬಡೀಬೇಕಿತ್ತು" ಎಂದರು ಟೀಚರಮ್ಮ.

"ಬೋಗುಣಿ ಬಡಿದ್ರೂ ನಿಮಗಿಂತ ಚೆನ್ನಾಗಿ ಬಡೀತೀನಿ. ಅಲ್ವೇ ಹುಡುಗಿ, ಒಗೆದ್ರೆ ಹೋಗಲ್ವೇನೇ ಇದು?"

ಸೊಸೆ ನಕ್ಕಳು. "ಬಟ್ಟೆ ಹರಿದ್ರೂ ಚಿತ್ರ ಹೋಗಲ್ಲ ಅತ್ತೆ."

"ಹಂಗಾ? ಕೊಡು, ತಿಕ್ಕಿ ನೋಡ್ತೀನಿ. ಯಾವುದು ಗಟ್ಟಿ, ನಿನ್ನ ಬಣ್ಣವೋ ನನ್ನ ರಟ್ಟೆಯೋ!"

ಎಲ್ಲರೂ ನಕ್ಕೆವು. ಆ ತಮಾಷೆಯ ಮಾತೇ ಅವಳಿಗೆ ಮುಳುವಾಯಿತು.

ಫಿಲ್ಮುಗಳೆಲ್ಲ ತಯಾರಾದವು, ಒತ್ತುವುದು ಮಾತ್ರ ಬಾಕಿ. ಅಷ್ಟರಲ್ಲಿ ಸೊಸೆಯ ತಾಯಿಗೆ ಕಣ್ಣಿನ ಆಪರೇಷನ್, ಅವಳು ತವರಿಗೆ ಹೋಗಬೇಕಾಯಿತು. "ನಾನು ಒತ್ತಿಡ್ತೀನಿ, ನೀ ಹೋಗು" ಎಂದೆ. ಅಂಗಿಗಳನ್ನು ಬಿಚ್ಚಿ ನೋಡಿದರೆ ಬಟ್ಟೆಯ ಮೇಲೆ ನೂಲಿನ ಸಣ್ಣ ಸಣ್ಣ ಜುಂಗು ಎದ್ದಿತ್ತು. ಒಂದನ್ನು ಒತ್ತಿ ಸುಲಿದೆ. ಭಂಡಾರದ ಹೊಗೆ ಇದ್ದ ಕಡೆ ಜುಂಗು ಎದ್ದು ಸ್ವಲ್ಪ ತರಿತರಿಯಾಗಿ ಕಂಡಿತು. ಬೇರೆಯವರಿಗೆ ಕಾಣುತ್ತಿರಲಿಲ್ಲವೇನೋ. ನನ್ನ ಕಣ್ಣಿಗೆ ಚುಚ್ಚಿತು.

ಅಪ್ಪ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಿದ್ದ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದರೆ ಲೋಳೆಯಂಥ ಅಂಟು ಬರುತ್ತದೆ. ಅದನ್ನು ಬಳಿದರೆ ಉಣ್ಣೆಯ ಕೂದಲೆಲ್ಲ ಮಲಗಿ ಎಳೆ ನುಣುಪಾಗುತ್ತದೆ. ಬ್ಯಾನರು ಬರೆಯುವಾಗಲೂ ನಾನು ಬಟ್ಟೆಗೆ ಅದೇ ಗಂಜಿ ತೆಳುವಾಗಿ ಹಚ್ಚುತ್ತಿದ್ದೆ. ಬಣ್ಣ ಹರಡುತ್ತಿರಲಿಲ್ಲ, ಗೆರೆ ಚೂಪಾಗಿ ನಿಲ್ಲುತ್ತಿತ್ತು. ಬ್ಯಾನರನ್ನು ಯಾರೂ ಒಗೆಯುವುದಿಲ್ಲ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಗಂಜಿ ಕಾಸಿದೆ. ಪ್ರತಿ ಅಂಗಿಯ ಎದೆಗೂ ಬ್ರಷ್ಷಿನಿಂದ ತೆಳ್ಳಗೆ ಬಳಿದು, ಒಣಗಿಸಿ, ಇಸ್ತ್ರಿ ಮಾಡಿ, ಫಿಲ್ಮ್ ಇಟ್ಟು ಒತ್ತಿದೆ. ಮೊದಲು ಒತ್ತಿದ ಆ ಒಂದು ಅಂಗಿಯನ್ನು ಚೆನ್ನಾಗಿಲ್ಲ ಎಂದು ಪಕ್ಕಕ್ಕಿಟ್ಟು, ಅಂಗಡಿಯಲ್ಲಿದ್ದ ಬೇರೊಂದು ಅಂಗಿಯನ್ನೂ ಹೆಚ್ಚಿಗೆ ಇದ್ದ ಒಂದು ಫಿಲ್ಮನ್ನೂ ಸೇರಿಸಿದೆ. ಸುಲಿದಾಗ ನನಗೇ ನಂಬಲಾಗಲಿಲ್ಲ. ಕನ್ನಡಿಯಂಥ ನುಣುಪು. ಹಳದಿ ಹೊಗೆಯ ಒಂದೊಂದು ಕಣವೂ ಎಣಿಸುವ ಹಾಗೆ ಎದ್ದಿತ್ತು. ಕೆಂಪು ನೀರು ಅಂಗಿಯಿಂದ ಹರಿದು ನೆಲಕ್ಕೆ ಬೀಳುತ್ತದೇನೋ ಅನ್ನಿಸಿತು. ಎಲ್ಲವನ್ನೂ ಹಗ್ಗಕ್ಕೆ ನೇತುಹಾಕಿ ಕುರ್ಚಿಯಲ್ಲಿ ಕೂತು ನೋಡಿದೆ. ಬಸ್ಸಿಗೆ ಹೋಗುವವರು ನಿಂತು ನೋಡಿದರು. ಒಬ್ಬ ಕಂಡಕ್ಟರು, "ಏನ್ ಯಜಮಾನ್ರೇ, ಅಂಗಡೀಗೆ ಬೆಂಕಿ ಬಿದ್ದಂಗಿದೆ" ಎಂದ. ಆ ಸಂತೋಷವನ್ನು ಈಗ ನೆನೆದರೂ ಸುಳ್ಳು ಎನ್ನಲಾರೆ. ಅದು ನಿಜವಾದ ಸಂತೋಷವೇ ಆಗಿತ್ತು.

ಸೊಸೆ ಬಂದು ನೋಡಿ ಬೆರಗಾದಳು. "ಮಾವಾ, ನಾನು ಒತ್ತಿದ್ರೂ ಹಿಂಗೆ ಬರಲ್ಲ. ಏನ್ ಮಾಡಿದ್ರಿ?"

"ಕೈಗುಣ" ಎಂದೆ.

ಗಂಜಿಯ ಮಾತು ಹೇಳಲಿಲ್ಲ. ನನ್ನ ಕಸುಬಿನ ಗುಟ್ಟು ನನ್ನಲ್ಲೇ ಇರಲಿ ಎಂಬ ಜಂಬ. ಹೇಳಿದ್ದರೆ ಅವಳು ಆಗಲೇ ಹಣೆ ಬಡಿದುಕೊಂಡು ಬೇರೆ ಮಾಡುತ್ತಿದ್ದಳು, ಮುಂದಿನದೇನೂ ನಡೆಯುತ್ತಿರಲಿಲ್ಲ.

ಆ ತಂಡದಲ್ಲಿ ಒಂದು ರೂಢಿ ಇದೆ. ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಡೊಳ್ಳಿನ ಮುಂದೆ ತೊಡುವುದಿಲ್ಲ. ತಂಡದ ಹಿರಿಯಳು ಎಲ್ಲರ ಬಟ್ಟೆಯನ್ನೂ ತಾನೇ ಹಿಂಡಿ, ಒಣಗಿಸಿ, ಭಂಡಾರ ಮುಟ್ಟಿಸಿ ಕೊಡಬೇಕು. ಅಂದರೆ ನನ್ನ ತಂಗಿ. ಅವಳು ಅಂಗಿಗಳನ್ನು ಕೆರೆಗೆ ಒಯ್ದು ಬಕೆಟ್ಟಿನ ನೀರಿನಲ್ಲಿ ನೆನೆಯಿಟ್ಟು, ಮೊದಲನೆಯದನ್ನು ಎತ್ತಿದಾಗ ಚಿತ್ರ ಅವಳ ಕೈಗೆ ಬಂತು. ಸುಟ್ಟ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತಂತೆ. ಒಂದಾದ ಮೇಲೆ ಒಂದು, ಎಲ್ಲವೂ.

ಮರುದಿನ ಟೀಚರಮ್ಮ ಅವಳನ್ನು ಕರೆದುಕೊಂಡೇ ಅಂಗಡಿಗೆ ಬಂದರು. ತಂಗಿಯ ಕೈಯಲ್ಲಿ ಒಂದು ಬಕೆಟ್ಟು, ಅದರಲ್ಲಿ ಬರಿ ಕಪ್ಪು ಅಂಗಿಗಳು, ಮೇಲೆ ಮುದುರಿದ ಬಣ್ಣದ ತೊಗಟೆ.

"ಸೋಡಾ ಹಾಕಿದ್ರಾ ಅತ್ತೆ? ಬಿಸಿನೀರಿಗೆ ಹಾಕಿದ್ರಾ?" ಸೊಸೆ ಬಕೆಟ್ಟಿನ ಮೇಲೆ ಬಗ್ಗಿ ಕೇಳಿದಳು.

"ಬರೀ ಕೆರೆನೀರು ಕಣೇ. ಕೈಯಾಡಿಸಿದ್ದೂ ಇಲ್ಲ."

ಟೀಚರಮ್ಮ ಸುಮ್ಮನಿರಲಿಲ್ಲ. "ತಿಕ್ಕಿ ನೋಡ್ತೀನಿ ಅಂತ ಇದೇ ಜಾಗದಲ್ಲಿ ಹೇಳಿದ್ಯಲ್ಲ ಅಕ್ಕ? ನಿನಗೆ ಮದ್ಲಿಂದ ಈ ಅಂಗಿ ಇಷ್ಟ ಇರ್ಲಿಲ್ಲ. ಬೇಡ ಅಂದಿದ್ರೆ ಸಾಕಿತ್ತು. ಎಲ್ಲರ ಹೊಟ್ಟೆ ಯಾಕೆ ಉರಿಸ್ದೆ?"

"ತಮಾಷೆಗೆ ಅಂದಿದ್ದು."

"ತಮಾಷೆ ಮಾಡೋ ವಯಸ್ಸೇನೇ ಇದು?"

ತಂಗಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬಕೆಟ್ಟಿನಿಂದ ಒಂದು ತೊಗಟೆ ಎತ್ತಿಕೊಂಡಿದ್ದೆ. ಅದರ ಬೆನ್ನಿಗೆ ಒದ್ದೆ ಬೆರಳು ತಾಗಿಸಿದೆ. ಲೋಳೆ. ಆ ಕ್ಷಣ ಎಲ್ಲವೂ ಗೊತ್ತಾಯಿತು. ಅಂಟು ಹಿಡಿದದ್ದು ಬಟ್ಟೆಯನ್ನಲ್ಲ, ನನ್ನ ಗಂಜಿಯನ್ನು. ಗಂಜಿ ನೀರಿಗೆ ಕರಗಿತು, ಚಿತ್ರ ಎದ್ದು ಬಂತು.

ಬಾಯಿ ತೆರೆಯಬೇಕಿತ್ತು. ನಾನು ಆ ತೊಗಟೆಗಳನ್ನೆಲ್ಲ ಹಿಡಿದು ಒಳಗಿನ ನಲ್ಲಿಯ ಹತ್ತಿರ ಹೋದೆ. "ಮಣ್ಣಾಗಿದೆ, ತೊಳೀತೀನಿ" ಎಂದೆ. ಹೆಬ್ಬೆರಳಿನಿಂದ ಬೆನ್ನನ್ನೆಲ್ಲ ಉಜ್ಜಿ ಲೋಳೆ ಹೋಗುವವರೆಗೆ ತೊಳೆದೆ. ಸೊಸೆ ಆಮೇಲೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು, ಏನೂ ಸಿಗಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ತಂಗಿ ಕೈಚೀಲದಿಂದ ತನ್ನ ಡೊಳ್ಳಿನ ಕೋಲು ತೆಗೆದು ಟೀಚರಮ್ಮನ ಮುಂದೆ ಮೇಜಿನ ಮೇಲೆ ಇಟ್ಟಿದ್ದಳು. "ಯಾರಾದ್ರೂ ಚಿಕ್ಕೋರಿಗೆ ಕೊಡು" ಎಂದು ಹೇಳಿ ಶಿರಾಳಕೊಪ್ಪದ ಬಸ್ಸಿಗೆ ಹೋದಳು.

ಸೊಸೆಗೆ ಮನಸ್ಸು ತಡೆಯಲಿಲ್ಲ. ತನ್ನ ಕೆಲಸದ್ದೇ ತಪ್ಪಿರಬಹುದು ಎಂದು ಹೊಸ ಕಪ್ಪು ಅಂಗಿಗೆ ಅದೇ ಚಿತ್ರ ಒತ್ತಿದಳು. ಆರಲು ಬಿಟ್ಟಳು. ಆಮೇಲೆ ಮನೆಯ ಹಿಂದಿನ ಒಗೆಯುವ ಕಲ್ಲಿಗೆ ಒಯ್ದಳು. ನಾನೂ ಹೋಗಿ ನಿಂತೆ. ತಣ್ಣೀರಿನಲ್ಲಿ ಅದ್ದಿದಳು. ಬಿಸಿನೀರಿನಲ್ಲಿ ಅದ್ದಿದಳು. ಸೋಡಾ ಹಾಕಿ ನೆನೆಸಿದಳು. ಬ್ರಷ್ಷಿನಿಂದ ತಿಕ್ಕಿದಳು, ಕಲ್ಲಿಗೆ ಬಡಿದಳು, ಹಗ್ಗ ಹೊಸೆದಂತೆ ಹಿಂಡಿದಳು. ಬಟ್ಟೆಯ ಕಪ್ಪೇ ಸ್ವಲ್ಪ ಮಾಸಿತು. ಭಂಡಾರ ಮಾಸಲಿಲ್ಲ. ನೊರೆ ಇಳಿದ ಮೇಲೆ, ನೀರು ತೊಟ್ಟಿಕ್ಕುವ ಆ ಅಂಗಿಯನ್ನು ಬಿಸಿಲಿಗೆ ಹಿಡಿದಳು. ಹಳದಿ ಹೊಗೆ ಆಗ ತಾನೇ ಎದ್ದಂತೆ ಇತ್ತು.

ನನ್ನ ಜೀವಮಾನದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಒಂದು ಕಡೆ ಕೈ ಮುಗಿಯಬೇಕು ಅನ್ನಿಸಿತು. ಇನ್ನೊಂದು ಕಡೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಆ ಬಣ್ಣ ಎಷ್ಟೆಷ್ಟು ಗಟ್ಟಿಯಾಗಿ ನಿಂತಿತೋ ಅಷ್ಟಷ್ಟು ನನ್ನ ತಂಗಿಯ ಮೇಲಿನ ಅಪವಾದವೂ ಗಟ್ಟಿಯಾಯಿತು. ಸೊಸೆ ಅಂಗಿಯನ್ನು ಹಗ್ಗಕ್ಕೆ ಹಾಕಿ ಮೆಲ್ಲಗೆ ಹೇಳಿದಳು: "ಇಷ್ಟಾದ್ರೂ ಹೋಗಲ್ಲ ಮಾವಾ. ಅಂದ್ರೆ ಅತ್ತೆ ಏನ್ ಮಾಡಿರ್ಬೇಕು?"

ನಾನು, "ಯಾರಿಗ್ಗೊತ್ತು" ಎಂದೆ.

ಸೊಸೆ ಎಲ್ಲವನ್ನೂ ಹೊಸದಾಗಿ ಮಾಡಿಕೊಟ್ಟಳು. ಬಳ್ಳಿಗಾವಿಯ ಕಾರ್ಯಕ್ರಮಕ್ಕೆ ನಾವಿಬ್ಬರೂ ಹೋದೆವು. ಹಳೆಯ ಗುಡಿಯ ಎದುರಿನ ಬಯಲು. ತಂಡ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಮಳೆ ಹನಿಯತೊಡಗಿತು. ಯಾರೂ ನಿಲ್ಲಿಸಲಿಲ್ಲ. ಬೆವರು, ಮಳೆ, ಹೆಗಲ ಪಟ್ಟಿಯ ಉಜ್ಜು, ಎಲ್ಲದರ ನಡುವೆ ಆ ಚಿತ್ರಗಳು ಒಂದೂ ಕದಲಲಿಲ್ಲ. ಕೋಲು ಬಿದ್ದಾಗ ನಿಜವಾದ ಭಂಡಾರ ಗಾಳಿಗೆ ಎದ್ದು ಮಳೆಗೆ ತೊಯ್ದು ಕೆಳಗಿಳಿಯುತ್ತಿತ್ತು. ಎದೆಯ ಮೇಲಿನ ಭಂಡಾರ ಎದ್ದದ್ದು ಎದ್ದ ಹಾಗೇ ಇತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕ ಕೈ ಮುಗಿದ. ಆದರೆ ಹೆಜ್ಜೆ ಕೂಡುತ್ತಿರಲಿಲ್ಲ. ಮುಂದಿನ ಡೊಳ್ಳು ಹೊತ್ತಿದ್ದ ಹುಡುಗಿ ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಿದ್ದಳು. ಮಿಕ್ಕವರು ಯಾರ ಕೋಲು ನೋಡಬೇಕೆಂದು ತಿಳಿಯದೆ ತಡವರಿಸುತ್ತಿದ್ದರು. ಸೊಸೆ ಚಿತ್ರ ನೋಡುತ್ತಿದ್ದಳು. ನಾನು ಆ ಹುಡುಗಿಯ ಕೈ ನೋಡುತ್ತಿದ್ದೆ.

ಕೆಲವು ದಿನದ ಮೇಲೆ ತಂಗಿಯ ಊರಿಗೆ ಹೋದೆ. ಹೇಳಿಯೇ ಬರುತ್ತೇನೆಂದು ಹೋದೆ. ಅವಳು ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು.

"ಏನಣ್ಣಾ, ದಾರಿ ತಪ್ಪಿ ಬಂದ್ಯಾ?"

"ನಿನ್ನೇ ನೋಡಾಕೆ ಬಂದೆ."

"ನನ್ನ ನೋಡೋಕೆ ಏನೈತಿ? ಟೀ ಕುಡಿತೀಯಾ, ಮಜ್ಜಿಗೆ ಕೊಡ್ಲಾ?"

ಮಜ್ಜಿಗೆ ಕೊಟ್ಟಳು. ಎದುರಿಗೆ ಕೂತಳು. ಡೊಳ್ಳಿನ ಮಾತು ಇಬ್ಬರೂ ಎತ್ತಲಿಲ್ಲ. ಮಳೆ, ಕುರಿ, ಅವಳ ಮಂಡಿ. ಮಂಡಿನೋವು ಈಗ ಜಾಸ್ತಿಯಂತೆ. ಲೋಟ ಖಾಲಿಯಾಯಿತು. ನಾನು ಏಳುವಾಗ ಅವಳು ಬೇರೆ ಕಡೆ ನೋಡುತ್ತಾ ಹೇಳಿದಳು: "ಅವತ್ತು ಬಕೆಟ್ಟಿನ ನೀರು ಲೋಳೆ ಆಗಿತ್ತಣ್ಣ. ಮೂಗಿಗೆ ಹಿಡಿದು ನೋಡ್ದೆ. ಅಪ್ಪನ ಮಗ್ಗದ ವಾಸ್ನೆ ಬಂತು."

ಅವಳೂ ಅದೇ ಮನೆಯಲ್ಲಿ ಹುಟ್ಟಿದವಳು. ಹುಣಸೆ ಬೀಜ ಅರೆದು ಅರೆದು ಅವಳ ಅಂಗೈ ದಪ್ಪವಾಗಿತ್ತು. ಅಂದರೆ ಅಂಗಡಿಗೆ ಬಕೆಟ್ಟು ಹಿಡಿದು ಬಂದಾಗಲೇ ಅವಳಿಗೆ ಗೊತ್ತಿತ್ತು. ಟೀಚರಮ್ಮ ಬೈಯುವಾಗ ಗೊತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದಾಗ, ನಾನು ಹೇಳುತ್ತೇನೆಂದು ಕಾದಿದ್ದಳು. ನಾನು ನಲ್ಲಿಯ ಕಡೆ ಹೋದದ್ದನ್ನು ನೋಡಿ ಕೋಲು ಕೆಳಗಿಟ್ಟಳು. ಅವಳ ಬಾಯಿಂದ ಒಂದು ಮಾತು ಬಂದಿದ್ದರೆ ಡೊಳ್ಳು ಅವಳಿಗೆ ಉಳಿಯುತ್ತಿತ್ತು. ಸೊಸೆಯ ಎದುರು, ಊರವರ ಎದುರು ಅಣ್ಣನ ತಲೆ ತಗ್ಗದಿರಲಿ ಎಂದು ಅವಳು ಆ ಮಾತು ಆಡಲಿಲ್ಲ. ಮಿಂಚುಳ್ಳಿ ಕಂಡ ದಿನ ನನ್ನ ಮಾತು ನಿಂತಿತ್ತಲ್ಲ, ಅದಕ್ಕಿಂತ ದೊಡ್ಡದೊಂದನ್ನು ಆ ಅಂಗಳದಲ್ಲಿ ಕಂಡೆ. ಆಗಲೂ ಮಾತು ನಿಂತಿತು.

ನಮ್ಮ ಮನೆಯ ಗಂಡಸರು ತಂಗಿಯ ಮುಂದೆ ತಪ್ಪಾಯಿತು ಎಂದದ್ದನ್ನು ನಾನು ಕೇಳಿಲ್ಲ. ಹಬ್ಬಕ್ಕೆ ತಂಗಿಯೇ ಅಣ್ಣನ ಕಾಲಿಗೆ ಬೀಳುತ್ತಾಳೆ. ಅಣ್ಣ ಸೀರೆ ಕೊಡುತ್ತಾನೆ, ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಲೆಕ್ಕ. ಇದು ಕಾರಣವಲ್ಲ ಎಂದು ನನಗೆ ಗೊತ್ತು. ಆದರೂ ಆ ದಿನ, "ಬಸ್ಸಿಗೆ ಹೊತ್ತಾಯ್ತು" ಎಂದು ಹೇಳಿ ಬಂದುಬಿಟ್ಟೆ.

ಸೊಸೆಗೆ ಹೇಳಿದೆ. ಅಂಗಡಿಯಲ್ಲಿ, ಗಿರಾಕಿಯಿಲ್ಲದ ಹೊತ್ತು ನೋಡಿ, ಗಂಜಿಯಿಂದ ಹಿಡಿದು ನಲ್ಲಿಯವರೆಗೆ. ನಾನು ಪಕ್ಕಕ್ಕೆ ಇಟ್ಟಿದ್ದ ಆ ಮೊದಲ ಅಂಗಿಯನ್ನೂ ತೋರಿಸಿದೆ. ಗಂಜಿಯಿಲ್ಲದೆ ಒತ್ತಿದ್ದು ಅದೊಂದೇ. ಅವಳು ಅದನ್ನು ಮುಟ್ಟಲಿಲ್ಲ. ಪ್ರೆಸ್ಸಿನ ಸ್ವಿಚ್ಚು ಆರಿಸಿದಳು.

"ಕೈಗುಣ ಅಂದ್ರಲ್ಲ ಮಾವಾ."

"ಹೌದವ್ವ."

"ನಾನು ಅತ್ತೆ ಮೇಲೆ ಎಂಥ ಅನುಮಾನ ಪಟ್ಟೆ. ಮಗ್ಗಲಲ್ಲೇ ನಿಂತು ಕೇಳಿಸ್ಕಂಡ್ರಲ್ಲ ನೀವು." ಕಣ್ಣು ಒರೆಸಿಕೊಂಡಳು. "ನಂಗೆ ಹೇಳಿ ಏನಾಗ್ಬೇಕು? ಹೇಳ್ಬೇಕಾದ್ದು ಅವರಿಗೆ."

ಟೀಚರಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅದೇ ದಿನ ತಂಡದವರನ್ನೆಲ್ಲ ಕರೆದುಕೊಂಡು, ಕೋಲು ಹಿಡಿದು ನನ್ನ ತಂಗಿಯ ಮನೆಗೆ ಹೋದರಂತೆ. ಕೈ ಹಿಡಿದು ತಪ್ಪಾಯಿತು ಅಕ್ಕ ಎಂದರಂತೆ. ಅವಳು ಎಲ್ಲರಿಗೂ ಮಂಡಕ್ಕಿ ಕೊಟ್ಟು, ಕೋಲನ್ನು ಮಾತ್ರ ಮುಟ್ಟಲಿಲ್ಲವಂತೆ.

"ನಿಮ್ಮಣ್ಣ ಒಪ್ಪಿಕೊಂಡ್ರಲ್ಲ, ಇನ್ನೇನೇ?" ಎಂದು ಟೀಚರಮ್ಮ ಕೇಳಿದ್ದಕ್ಕೆ, "ನಿಮ್ಮ ಹತ್ರ ಒಪ್ಪಿಕೊಂಡಿದಾನೆ. ನಾನು ಅವನ ಬಾಯಲ್ಲಿ ಕೇಳಿಲ್ಲ" ಎಂದಳಂತೆ.

ಕೋಲು ಟೀಚರಮ್ಮನ ಮನೆಯಲ್ಲಿದೆ. ಮುಂದಿನ ಡೊಳ್ಳನ್ನು ಯಾರೂ ಹೊರುತ್ತಿಲ್ಲ, ಅವಳಿಗೆಂದೇ ಖಾಲಿ ಬಿಟ್ಟಿದ್ದಾರೆ. ಅಂಗಡಿಯಲ್ಲಿ ಈಗಲೂ ದಿನಾ ಕಪ್ಪು ಬಟ್ಟೆಯ ಮೇಲೆ ಬಣ್ಣ ಏಳುತ್ತದೆ. ನೋಡಿದಾಗಲೆಲ್ಲ ನನ್ನ ಎದೆ ಮೊದಲಿನಂತೆಯೇ ಜಿಗಿಯುತ್ತದೆ, ಕೂಡಲೇ ಕುಸಿಯುತ್ತದೆ. ಸೊಸೆಗೆ ಹೇಳಿದೆ, ಮಗನಿಗೆ ಹೇಳಿದೆ, ಟೀಚರಮ್ಮನಿಗೆ ಹೇಳಿದೆ, ಓದುವ ನಿಮಗೂ ಹೇಳಿದೆ. ನಿಮ್ಮ ಯಾರ ಕೈಯಿಂದಲೂ ನಾನು ಏನನ್ನೂ ಕಿತ್ತುಕೊಂಡಿರಲಿಲ್ಲ, ಅದಕ್ಕೇ ಹೇಳುವುದು ಸುಲಭವಾಯಿತು. ಸೊರಬದ ಬಸ್ಸು ಅಂಗಡಿಯ ಮುಂದೆಯೇ ನಿಲ್ಲುತ್ತದೆ. ಒಂದು ಮಾತಿಗಾಗಿ ಡೊಳ್ಳು ಬಿಟ್ಟು ಕೂತಿರುವವಳಿಗೆ, ಯಾರಿಗೆ ಎಲ್ಲರಿಗಿಂತ ಮೊದಲು ಹೇಳಬೇಕಿತ್ತೋ ಅವಳಿಗೆ, ಇನ್ನೂ ಹೇಳಿಲ್ಲ. ಅವಳು ನನ್ನ ತಂಗಿ.